ಒಶುನ್ ನದಿಯೂ ಒಲೊಡುಮರೆಯೂ: ಬೊಲಾಜಿ ಇಡೋವು ಅವರ ಗ್ರಂಥದ ವಿಮರ್ಶಾತ್ಮಕ ಮರುಓದು

ನೈಋತ್ಯ ನೈಜೀರಿಯದ ಒಶೊಗ್ಬೊ ನಗರದ ಅಂಚಿನಲ್ಲಿ ಸುಮಾರು 75 ಹೆಕ್ಟೇರ್ ವಿಸ್ತಾರದ ಒಂದು ದಟ್ಟ ಕಾಡು ಉಳಿದಿದೆ. ಯೊರುಬಾ ಜನರು ಇದನ್ನು ಒಶುನ್ ಎಂಬ ನದೀದೇವತೆಯ ವಾಸಸ್ಥಾನವೆಂದು ಕಾಣುತ್ತಾರೆ. ಇಲ್ಲಿ ಮರ ಕಡಿಯಬಾರದು, ಬೇಟೆಯಾಡಬಾರದು, ನದಿಯಲ್ಲಿ ಮೀನು ಹಿಡಿಯಬಾರದು. 1965ರಲ್ಲಿ ನೈಜೀರಿಯದ ಸರ್ಕಾರವು ಈ ವನವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಯೊರುಬಾ ನಾಡಿನ ಊರೂರಿಗೂ ಇಂಥ ವನಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಅಳಿದವು, ಇದು ಉಳಿಯಿತು.

ಆದರೆ ಕಾಡು ಉಳಿದರೂ ನೀರು ಉಳಿಯಲಿಲ್ಲ. ನದಿಯ ಮೇಲ್ದಂಡೆಯ ಪ್ರದೇಶಗಳಲ್ಲಿ, ಮುಖ್ಯವಾಗಿ ಇಲೆಶಾ ಪಟ್ಟಣದ ಸುತ್ತಿನ ನೆಲದಲ್ಲಿ, ಚಿನ್ನಕ್ಕಾಗಿ ನಡೆಯುವ ಗಣಿಗಾರಿಕೆಯ ಕೆಸರು ಹರಿದುಬಂದು ಒಶುನ್ ನದಿ ಕಂದುಬಣ್ಣಕ್ಕೆ ತಿರುಗಿದೆ. 2022ರಲ್ಲಿ ಅಲ್ಲಿಯ ರಾಜ್ಯ ಸರ್ಕಾರವೇ ಈ ನೀರನ್ನು ಕುಡಿಯಬೇಡಿರೆಂದು ಜನರನ್ನು ಎಚ್ಚರಿಸಬೇಕಾಯಿತು. ಪ್ರತಿವರ್ಷ ಆಗಸ್ಟ್ ತಿಂಗಳ ಹಬ್ಬಕ್ಕೆ ಬರುವ ಭಕ್ತರು ಇದೇ ನೀರನ್ನು ಮಕ್ಕಳ ಭಾಗ್ಯಕ್ಕಾಗಿಯೂ ಸ್ವಸ್ಥತೆಗಾಗಿಯೂ ಕುಡಿಯುತ್ತಾರೆ, ಮನೆಗೂ ಒಯ್ಯುತ್ತಾರೆ. ದೇವತೆಯ ಕಾಡಿನೊಳಗೆ ಒಂದು ಕೊಂಬೆಯನ್ನೂ ಮುರಿಯಲು ಅಂಜುವ ಸಮಾಜವೊಂದರ ಮಧ್ಯದಲ್ಲಿಯೇ ಆ ದೇವತೆಯ ಮೈಯೆಂದು ನಂಬಲಾದ ನದಿಯು ಕಲುಷಿತವಾಗಿದೆ. ಈ ವೈಪರೀತ್ಯವು ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಏನನ್ನು ಹೇಳುತ್ತದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಯೊರುಬಾ ಧರ್ಮದ ಕುರಿತು ಕ್ರೈಸ್ತ ದೈವಶಾಸ್ತ್ರಜ್ಞನೊಬ್ಬನು ಬರೆದ ಅತ್ಯಂತ ಪ್ರಭಾವಶಾಲಿ ಗ್ರಂಥವನ್ನು, ಎಂದರೆ 1962ರಲ್ಲಿ ಪ್ರಕಟವಾದ ಬೊಲಾಜಿ ಇಡೋವು ಅವರ 'ಒಲೊಡುಮರೆ: ಯೊರುಬಾ ನಂಬಿಕೆಯಲ್ಲಿ ದೇವರು' ಎಂಬ ಕೃತಿಯನ್ನು, ಮತ್ತೊಮ್ಮೆ ಓದುವುದು ಈ ಲೇಖನದ ಉದ್ದೇಶ.

1. ಗ್ರಂಥದ ಸಾಧನೆ

ಇಡೋವು ಸ್ವತಃ ಯೊರುಬಾ ಜನಾಂಗದವರು. ಮೆಥೊಡಿಸ್ಟ್ ಸಭೆಯ ಸೇವಕರು. ಇಬಾದಾನ್ ವಿಶ್ವವಿದ್ಯಾಲಯದಲ್ಲಿ ಧರ್ಮಾಧ್ಯಯನದ ಪ್ರಾಧ್ಯಾಪಕರಾಗಿದ್ದು ಮುಂದೆ ನೈಜೀರಿಯದ ಮೆಥೊಡಿಸ್ಟ್ ಸಭೆಯ ಮುಖ್ಯಸ್ಥರಾದವರು. ಅವರು ಲೇಖನಿ ಹಿಡಿದ ಕಾಲವನ್ನು ನಾವು ಮರೆಯಬಾರದು. ಆಫ್ರಿಕದವರಿಗೆ ದೇವರ ಅರಿವೇ ಇರಲಿಲ್ಲ, ಅವರಲ್ಲಿದ್ದದ್ದು ಕೇವಲ ಭಯ ಮತ್ತು ಮರಕಲ್ಲುಗಳ ಪೂಜೆ ಎಂದು ಐರೋಪ್ಯ ಪ್ರವಾಸಿಗರೂ ಕೆಲವು ಮಿಷನರಿಗಳೂ ಬರೆದದ್ದು ಅಂದು ಪಾಠಪುಸ್ತಕದ ಮಾತಾಗಿತ್ತು. ಇದಕ್ಕೆ ಉತ್ತರವಾಗಿ ಇಡೋವು ಯೊರುಬಾ ಜನರ ಪುರಾಣಕಥೆಗಳು, ಗಾದೆಗಳು, ವ್ಯಕ್ತಿನಾಮಗಳು ಮತ್ತು ಇಫಾ ಎಂಬ ಕಣಿವಿದ್ಯೆಯ ಮೌಖಿಕ ಪಠ್ಯಗಳನ್ನು ಆಧಾರವಾಗಿಟ್ಟುಕೊಂಡು, ಅವರ ನಂಬಿಕೆಯ ಕೇಂದ್ರದಲ್ಲಿ ಒಲೊಡುಮರೆ ಎಂಬ ಒಬ್ಬನೇ ಪರಮದೇವನಿದ್ದಾನೆ ಎಂದು ಸಾಧಿಸಿದರು. ಅವನು ಸೃಷ್ಟಿಕರ್ತ, ಅರಸ, ಸರ್ವಜ್ಞ, ನ್ಯಾಯಾಧಿಪತಿ, ಪರಿಶುದ್ಧ. ಒರಿಶಾಗಳೆಂದು ಕರೆಯಲ್ಪಡುವ ನೂರಾರು ದೇವತೆಗಳು ಅವನ ಪ್ರತಿಸ್ಪರ್ಧಿಗಳಲ್ಲ. ಅರಸನ ಕಾರ್ಯಭಾರವನ್ನು ಹಂಚಿಕೊಂಡ ಮಂತ್ರಿಗಳು. ಈ ವ್ಯವಸ್ಥೆಯನ್ನು ಅವರು 'ಹರಡಿಕೊಂಡ ಏಕದೇವತ್ವ' ಎಂಬ ಅರ್ಥದ ಪದದಿಂದ ಕರೆದರು.

ಈ ವಾದವು ಆಫ್ರಿಕದ ಕ್ರೈಸ್ತರಿಗೆ ತಮ್ಮ ಪೂರ್ವಿಕರ ಮುಖವನ್ನು ನಾಚಿಕೆಯಿಲ್ಲದೆ ನೋಡುವ ಧೈರ್ಯವನ್ನು ಕೊಟ್ಟಿತು. ಅದರ ಋಣ ದೊಡ್ಡದು. ಗ್ರಂಥದ ನೀತಿವಿಚಾರದ ಭಾಗವೂ ಇಂದಿಗೂ ಓದತಕ್ಕದ್ದು. ಯೊರುಬಾ ಭಾಷೆಯಲ್ಲಿ 'ಇವಾ' ಎಂದರೆ ಶೀಲ. ಮನುಷ್ಯನನ್ನು ಮನುಷ್ಯನನ್ನಾಗಿಸುವುದು ಶೀಲವೇ ಎಂಬ ಅವರ ಪೂರ್ವಿಕರ ತಿಳಿವಳಿಕೆಯನ್ನೂ, ಆ ಶೀಲಕ್ಕೆ ಒಲೊಡುಮರೆಯೇ ಸಾಕ್ಷಿಯೆಂಬುದನ್ನೂ ಇಡೋವು ಗೌರವದಿಂದ ವಿವರಿಸುತ್ತಾರೆ.

ಗ್ರಂಥದ ಮೇಲೆ ಬಂದ ಆಕ್ಷೇಪಗಳೂ ನಮಗೆ ತಿಳಿದವೇ. 1970ರಲ್ಲಿ ಉಗಾಂಡದ ಕವಿ ಮತ್ತು ಚಿಂತಕ ಒಕೊಟ್ ಪ'ಬಿಟೆಕ್, ಆಫ್ರಿಕದ ದೈವಶಾಸ್ತ್ರಜ್ಞರು ತಮ್ಮ ನಾಡಿನ ದೇವತೆಗಳಿಗೆ ಗ್ರೀಕರ ತತ್ವಶಾಸ್ತ್ರದ ನಿಲುವಂಗಿಯನ್ನು ತೊಡಿಸುತ್ತಿದ್ದಾರೆ ಎಂದು ಟೀಕಿಸಿದರು. ಈ ಟೀಕೆಯಲ್ಲಿ ಹುರುಳಿದೆ. ಆದರೆ ನಮ್ಮ ಆಕ್ಷೇಪವು ಇದಲ್ಲ.

2. ಮೇಲಕ್ಕೆ ನೋಡಿದ ಕಣ್ಣು

ಒರಿಶಾಗಳನ್ನು ಒಲೊಡುಮರೆಯ ಮಂತ್ರಿಗಳೆಂದು ಕರೆದೊಡನೆ ನಮ್ಮ ದೃಷ್ಟಿಯು ನೆಲವನ್ನು ಬಿಟ್ಟು ಆಕಾಶದ ಕಡೆಗೆ ಏರುತ್ತದೆ. ಒರಿಶಾ-ನ್ಲಾ, ಒರುನ್ಮಿಲಾ, ಓಗುನ್ ಮೊದಲಾದವರು ಪರಲೋಕದ ಆಸ್ಥಾನವೊಂದರಲ್ಲಿ ಸಾಲಾಗಿ ಕುಳಿತಂತೆ ತೋರುತ್ತಾರೆ. ಏಕದೇವನೊಡನೆ ಅವರ ಸಂಬಂಧವೇನು ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ಅವರು ಎಲ್ಲಿ ವಾಸಿಸುತ್ತಾರೆ ಎಂಬುದು ಹಿನ್ನೆಲೆಯ ಸಂಗತಿಯಾಗಿ ಉಳಿಯುತ್ತದೆ. ಒಶೊಗ್ಬೊದ ರೈತ ಸ್ತ್ರೀಗೆ ಒಶುನ್ ಮೊದಲು ಒಂದು ನದಿ. ಅದಕ್ಕೆ ಮೇಲ್ದಂಡೆಯೂ ಕೆಳದಂಡೆಯೂ ಇವೆ. ಮಳೆಗಾಲದ ಪ್ರವಾಹವೂ ಬೇಸಗೆಯ ಕಲ್ಲುಹಾಸೂ ಇವೆ. ನದಿಯನ್ನು ಬಿಟ್ಟು ಒಶುನ್ ಇಲ್ಲ.

ಒಶೊಗ್ಬೊ ಪಟ್ಟಣದ ಸ್ಥಾಪನೆಯ ಐತಿಹ್ಯವನ್ನೇ ತೆಗೆದುಕೊಳ್ಳೋಣ. ಬರಗಾಲದಲ್ಲಿ ನೀರನ್ನು ಹುಡುಕುತ್ತ ಲಾರೊಯೆ ಎಂಬ ಮುಖಂಡನೂ ಒಲುತಿಮೆಹಿನ್ ಎಂಬ ಬೇಟೆಗಾರನೂ ತಮ್ಮ ಜನರೊಂದಿಗೆ ಈ ನದಿಯ ದಡಕ್ಕೆ ಬಂದರು. ನೆಲ ಹಸನು ಮಾಡುವಾಗ ಕಡಿದ ಮರವೊಂದು ನೀರಿಗೆ ಬಿತ್ತು. ಆಗ ನದಿಯೊಳಗಿನಿಂದ ತನ್ನ ಬಣ್ಣದ ಮಡಕೆಗಳೆಲ್ಲ ಒಡೆದುಹೋದವೆಂದು ಒಂದು ಧ್ವನಿ ಗೋಳಾಡಿತು. ನದಿಯೊಳಗೆ ಒಬ್ಬಾಕೆಯ ಮನೆಯಿದೆ, ಅವಳ ಉದ್ಯೋಗವಿದೆ, ತಾವು ಅದನ್ನು ಹಾಳುಮಾಡಿದೆವು ಎಂದು ಜನರಿಗೆ ತಿಳಿಯಿತು. ಮುಂದೆ ಒಡಂಬಡಿಕೆಯಾಯಿತು: ಜನರು ದಡವನ್ನು ಬಿಟ್ಟು ಎತ್ತರದ ನೆಲಕ್ಕೆ ಸರಿದು ಮನೆ ಕಟ್ಟಿಕೊಳ್ಳಬೇಕು, ವರ್ಷಕ್ಕೊಮ್ಮೆ ಕಾಣಿಕೆ ತರಬೇಕು, ದೇವತೆ ಅವರನ್ನು ಕಾಯುವಳು. ಒಶೊಗ್ಬೊದ ಅರಸನ ಬಿರುದಾದ 'ಅತಾವೊಜಾ' ಎಂಬುದಕ್ಕೆ ಕೈಚಾಚಿ ಮೀನನ್ನು ಸ್ವೀಕರಿಸುವವನು ಎಂಬ ಅರ್ಥವನ್ನು ಹೇಳುತ್ತಾರೆ.

ಈ ಕಥೆಯಲ್ಲಿ ಪ್ರವಾಹದ ನೆಲದಲ್ಲಿ ಮನೆ ಕಟ್ಟಬಾರದೆಂಬ ವಿವೇಕವಿದೆ, ದಡದ ಮರಗಳು ನದಿಗೆ ಸೇರಿದವೆಂಬ ಅರಿವಿದೆ. ಅದಕ್ಕಿಂತ ಹೆಚ್ಚಾಗಿ, ಮನುಷ್ಯನು ಬರುವ ಮೊದಲೇ ಅಲ್ಲಿ ಬೇರೊಬ್ಬರ ಬಾಳು ನಡೆದಿತ್ತು ಎಂಬ ಒಪ್ಪಿಗೆಯಿದೆ. ಇಡೋವು ಅವರ ಚೌಕಟ್ಟಿನಲ್ಲಿ ಇಂಥ ಕಥೆಗೆ ಹೆಚ್ಚಿನ ಕೆಲಸವಿಲ್ಲ; ಅದು ಏಕದೇವತ್ವಕ್ಕೆ ಪರವೂ ಅಲ್ಲ, ವಿರುದ್ಧವೂ ಅಲ್ಲ. ಗ್ರಂಥವು ತನ್ನ ಕಾಲದ ಪ್ರಶ್ನೆಗೆ ಉತ್ತರ ಕೊಟ್ಟಿತು. 1962ರಲ್ಲಿ ಯಾರೂ ನದಿಯ ಕುರಿತು ದೈವಶಾಸ್ತ್ರಜ್ಞನನ್ನು ಕೇಳುತ್ತಿರಲಿಲ್ಲ. ಆದುದರಿಂದ ಇದನ್ನು ನಾವು ಅವರ ತಪ್ಪೆಂದು ಎಣಿಸುವುದಿಲ್ಲ. ಆದರೆ ಅವರ ನಂತರ ಬಂದ ನಮ್ಮ ಪಠ್ಯಕ್ರಮಗಳು ಅನ್ಯಧರ್ಮಗಳನ್ನು ಕುರಿತು ಇದೊಂದೇ ಪ್ರಶ್ನೆಯನ್ನು ಕೇಳುತ್ತ ಉಳಿದದ್ದು ನಮ್ಮ ತಪ್ಪು: ಇವರು ಒಬ್ಬನೇ ದೇವರನ್ನು ಬಲ್ಲರೇ? ಇವರು ತಮ್ಮ ನೀರಿನೊಡನೆ ಹೇಗೆ ಬಾಳಿದರು ಎಂದು ನಾವು ಕೇಳಲಿಲ್ಲ.

3. ಕೆಳಕ್ಕೆ ಮಾತ್ರ ನೋಡಿದ ಕಣ್ಣು

ಇಂದು ಪರಿಸರವಾದಿಗಳು ಆ ಪ್ರಶ್ನೆಯನ್ನು ಕೇಳುತ್ತಿದ್ದಾರೆ. 'ದೇಶೀಯ ಜ್ಞಾನ' ಎಂಬುದು ಸಂರಕ್ಷಣಾ ಸಾಹಿತ್ಯದಲ್ಲಿ ಪ್ರಿಯವಾದ ಪದವಾಗಿದೆ. ಇದರಲ್ಲಿ ಸತ್ಯಾಂಶ ಬಹಳವಿದೆ. ಭೂಗೋಳಶಾಸ್ತ್ರಜ್ಞ ಪಾಲ್ ರಿಚರ್ಡ್ಸ್ ಪಶ್ಚಿಮ ಆಫ್ರಿಕದ ಬೇಸಾಯವನ್ನು ಕುರಿತ ತಮ್ಮ 1985ರ ಗ್ರಂಥದಲ್ಲಿ, ದಕ್ಷಿಣ ನೈಜೀರಿಯದ ರೈತರು ತಮ್ಮ ಬೆಳೆಯನ್ನು ತಿನ್ನುವ ಬಣ್ಣದ ಮಿಡತೆಯ ಜೀವನಕ್ರಮವನ್ನು ಎಷ್ಟು ಸೂಕ್ಷ್ಮವಾಗಿ ಬಲ್ಲರು ಎಂದು ತೋರಿಸಿದ್ದಾರೆ. ಅದು ಮೊಟ್ಟೆಯಿಡುವ ನೆಲವನ್ನು ರೈತರು ಗುರುತಿಸಬಲ್ಲರಾದ್ದರಿಂದ, ವಿಷ ಸಿಂಪಡಿಸದೆ ಆ ಮೊಟ್ಟೆಗಳನ್ನು ಅಗೆದು ತೆಗೆಯುವ ಉಪಾಯವು ಸಾಧ್ಯವಾಯಿತು. ಇಲ್ಲಿ ದೇವತೆಯೂ ಇಲ್ಲ, ನಿಷೇಧವೂ ಇಲ್ಲ. ಇದು ತಲೆಮಾರುಗಳ ವೀಕ್ಷಣೆ. ಯೊರುಬಾ ಜ್ಞಾನವೆಂದೊಡನೆ ಮಂತ್ರತಂತ್ರವೆಂದು ತಿಳಿಯುವವರಿಗೆ ಇದು ಉತ್ತರ.

ಆದರೆ ಎಲ್ಲ ಜ್ಞಾನವೂ ಹೀಗೆ ಬಿಡಿಸಿ ತೆಗೆಯಬಹುದಾದದ್ದಲ್ಲ. ಫ್ರೆಂಚ್ ಸಂಶೋಧಕ ಪಿಯರ್ ವೆರ್ಜೆ ಯೊರುಬಾ ವೈದ್ಯರ ಗಿಡಮೂಲಿಕೆಗಳ ವಿದ್ಯೆಯನ್ನು ದಶಕಗಳ ಕಾಲ ಸಂಗ್ರಹಿಸಿ 1995ರಲ್ಲಿ 'ಎವೆ' ಎಂಬ ಬೃಹದ್ಗ್ರಂಥವನ್ನು ಹೊರತಂದರು. 'ಎವೆ' ಎಂದರೆ ಎಲೆ. ಎಲೆಯ ಹೆಸರಿಗೂ ಅದರಿಂದ ಬಯಸುವ ಕಾರ್ಯವನ್ನು ಸೂಚಿಸುವ ಕ್ರಿಯಾಪದಕ್ಕೂ ನಡುವೆ ಅನೇಕ ಬಾರಿ ಧ್ವನಿಸಾಮ್ಯವಿರುತ್ತದೆ ಎಂಬುದನ್ನೂ, ಎಲೆಯನ್ನು ಅರೆಯುವಾಗ ಆಡುವ ಮಾತಿನಲ್ಲಿ ಆ ಎರಡೂ ಸೇರಬೇಕೆಂಬುದನ್ನೂ ಅವರು ಗಮನಿಸಿದರು. ಎಲೆ, ಹೆಸರು, ಮಾತು, ಮಾತಾಡುವವನ ಅಧಿಕಾರ ಇವು ಒಂದೇ ಕಟ್ಟು. ಔಷಧ ಕಂಪನಿಯ ಪ್ರಯೋಗಾಲಯಕ್ಕೆ ಎಲೆಯನ್ನು ಮಾತ್ರ ಒಯ್ದರೆ, ಒಯ್ದದ್ದು ಯೊರುಬಾ ಜ್ಞಾನವಲ್ಲ; ಅದರ ಸಿಪ್ಪೆ.

ನಿಷೇಧದ ವಿಷಯವೂ ಹೀಗೆಯೇ. ಯೊರುಬಾ ಭಾಷೆಯಲ್ಲಿ ಮಾಡಬಾರದ ಕೃತ್ಯಕ್ಕೆ 'ಏವೊ' ಎಂಬ ಪದವಿದೆ. ಇರೊಕೊ ಮರವನ್ನು ಕಡಿಯುವುದಕ್ಕೆ ಮೊದಲು ಅದರಲ್ಲಿ ವಾಸಿಸುವ ಚೈತನ್ಯವನ್ನು ಒಲಿಸಿಕೊಳ್ಳಬೇಕು. ಒಶುನಳ ವನದಲ್ಲಿ ಮೀನು ಹಿಡಿಯಬಾರದು. ಸಂರಕ್ಷಣೆಯ ವರದಿಗಳು ಇವನ್ನು 'ಜೀವವೈವಿಧ್ಯದ ಸಾಂಪ್ರದಾಯಿಕ ನಿರ್ವಹಣೆ' ಎಂದು ಭಾಷಾಂತರಿಸುತ್ತವೆ. ಇಲ್ಲಿ ಇಡೋವು ಮಾಡಿದ್ದರ ತದ್ವಿರುದ್ಧವು ನಡೆಯುತ್ತದೆ. ಅವರು ಆಕೆಯನ್ನು ಉಳಿಸಿಕೊಂಡು ನದಿಯನ್ನು ಬಿಟ್ಟರೆ, ಇವರು ನದಿಯನ್ನು ಉಳಿಸಿಕೊಂಡು ಆಕೆಯನ್ನು ಬಿಡುತ್ತಾರೆ. ಆಕೆಯ ಮಡಕೆಗಳು ಒಡೆದವೆಂಬ ದುಃಖವಿಲ್ಲದ ಮೇಲೆ, ಮೀನು ಹಿಡಿಯಬಾರದೆಂಬ ನಿಯಮವು ಎಷ್ಟು ದಿನ ನಿಂತೀತು? ಉಪಯುಕ್ತವಾದುದರಿಂದ ಉಳಿಸಿದ್ದನ್ನು, ಚಿನ್ನದಂಥ ಇನ್ನೂ ಉಪಯುಕ್ತವಾದದ್ದು ದೊರೆತಾಗ ಬಿಟ್ಟುಕೊಡಬೇಕಾಗುತ್ತದೆ.

ಈ ವನದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1950ರ ದಶಕದ ಹೊತ್ತಿಗೆ ಸಂಪ್ರದಾಯದ ಹಿಡಿತವು ಸಡಿಲವಾಗಿ, ಅರ್ಚಕರು ಗುಡಿಗಳನ್ನು ಬಿಟ್ಟುಹೋಗಿ, ಮರ ಕಡಿಯುವುದೂ ಬೇಟೆಯೂ ಮೀನುಗಾರಿಕೆಯೂ ವನದೊಳಗೆ ಆರಂಭವಾಗಿದ್ದವು. ಅದನ್ನು ತಡೆದವರಲ್ಲಿ ಮುಖ್ಯರು ಆಸ್ಟ್ರಿಯದಲ್ಲಿ ಹುಟ್ಟಿ 1950ರಲ್ಲಿ ನೈಜೀರಿಯಕ್ಕೆ ಬಂದ ಕಲಾವಿದೆ ಸುಸಾನ್ನೆ ವೆಂಗರ್. ಅವರು ಸ್ಥಳೀಯ ಶಿಲ್ಪಿಗಳೊಂದಿಗೆ ಸೇರಿ ಗುಡಿಗಳನ್ನು ಮತ್ತೆ ಎತ್ತಿ, ವನದ ತುಂಬ ಬೃಹತ್ ಶಿಲ್ಪಗಳನ್ನು ನಿಲ್ಲಿಸಿದರು. ಅವರು ಸಂರಕ್ಷಣಾಧಿಕಾರಿಯಾಗಿ ಅಲ್ಲ, ಒರಿಶಾಗಳ ಉಪಾಸಕಿಯಾಗಿಯೇ ಆ ಕೆಲಸವನ್ನು ಮಾಡಿದರು ಎಂಬುದು ಗಮನಾರ್ಹ. ಅವರ ಉಪಾಸನೆಯನ್ನು ನಾವು ಒಪ್ಪಲಾರೆವು. ಆದರೆ ಕಾಡನ್ನು ಉಳಿಸಿದ್ದು ಅಂಕಿಅಂಶವಲ್ಲ, ಆರಾಧನೆ ಎಂಬ ವಾಸ್ತವವನ್ನು ಅಲ್ಲಗಳೆಯಲೂ ಆರೆವು.

4. ಸಭೆಯು ಮಾಡಿದ್ದೇನು?

1967ರಲ್ಲಿ ಇತಿಹಾಸಕಾರ ಲಿನ್ ವೈಟ್, ಮರಕ್ಕೂ ತೊರೆಗೂ ಇದ್ದ ಚೈತನ್ಯಗಳನ್ನು ಹೊರಗಟ್ಟಿದ ಪಾಶ್ಚಾತ್ಯ ಕ್ರೈಸ್ತಧರ್ಮವೇ ಪ್ರಕೃತಿಯ ಸುಲಿಗೆಗೆ ದಾರಿಮಾಡಿಕೊಟ್ಟಿತೆಂದು ಆರೋಪಿಸಿದರು. ಆ ಆರೋಪಕ್ಕೆ ಅರ್ಧ ಶತಮಾನದಿಂದ ಉತ್ತರಗಳು ಬಂದಿವೆ. ಯೊರುಬಾ ನಾಡಿನ ಮಟ್ಟಿಗೆ ನಾವು ಅದನ್ನು ಇನ್ನಷ್ಟು ನಿಖರವಾಗಿ ಪರಿಶೀಲಿಸಬೇಕು.

ಮೊದಲನೆಯದು ಸತ್ಯವೇದದ ಭಾಷಾಂತರ. ಹೀಬ್ರು ಮೂಲದಲ್ಲಿ ಕಡಿದುಹಾಕಬೇಕೆಂದು ಆಜ್ಞಾಪಿಸಲ್ಪಟ್ಟ 'ಅಶೇರ' ಎಂಬುದು ಕಾನಾನ್ಯರ ದೇವತೆಯ ಅಥವಾ ಆಕೆಯ ಮರದ ಕಂಬದ ಹೆಸರು. ಗ್ರೀಕ್ ಮತ್ತು ಲತೀನ್ ಭಾಷಾಂತರಗಳನ್ನು ಅನುಸರಿಸಿ ಇಂಗ್ಲಿಷಿನ ಕಿಂಗ್ ಜೇಮ್ಸ್ ಸತ್ಯವೇದವು ಅದನ್ನು 'ತೋಪು' ಎಂದೇ ಅನುವಾದಿಸಿತು. ಆ ಸತ್ಯವೇದವನ್ನು ಕೈಯಲ್ಲಿ ಹಿಡಿದು ಆಫ್ರಿಕಕ್ಕೆ ಬಂದವನಿಗೆ ಗಿದ್ಯೋನನ ಕೊಡಲಿಯು ನೇರವಾಗಿ ವನದ ಬುಡಕ್ಕೇ ತೋರುತ್ತಿದ್ದರೆ ಆಶ್ಚರ್ಯವಿಲ್ಲ. ಅಬ್ರಹಾಮನು ಬೇರ್ಷೆಬದಲ್ಲಿ ಪಿಚುಲ ವೃಕ್ಷವನ್ನು ನೆಟ್ಟು ಯೆಹೋವನ ಹೆಸರನ್ನು ಹೇಳಿ ಆರಾಧಿಸಿದ್ದನ್ನೂ (ಆದಿ. 21:33), ಮುತ್ತಿಗೆಯ ಕಾಲದಲ್ಲಿಯೂ ಹಣ್ಣಿನ ಮರವನ್ನು ಕಡಿಯಬಾರದೆಂಬ ಧರ್ಮೋಪದೇಶಕಾಂಡದ ವಿಧಿಯನ್ನೂ (20:19) ಅದೇ ಉತ್ಸಾಹದಿಂದ ಸಾರಿದವರು ವಿರಳ.

ಎರಡನೆಯದು ಯೊರುಬಾ ಕ್ರೈಸ್ತರ ಸ್ವಂತ ಚರಿತ್ರೆ. ಇಲ್ಲಿ ಸಂಗತಿಯು ಅಷ್ಟು ಸರಳವಲ್ಲ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪರಾದ ಸಾಮುವೇಲ್ ಅಜಾಯಿ ಕ್ರೌಥರ್ ಮತ್ತು ಅವರ ಸಹಕಾರಿಗಳು ಯೊರುಬಾ ಸತ್ಯವೇದವನ್ನು ರೂಪಿಸಿದರು. ಯೊರುಬಾ ಕ್ರೈಸ್ತರ ಭಾಷೆಯಲ್ಲಿ ಪವಿತ್ರಾತ್ಮನಿಗೆ 'ಎಮಿ ಮಿಮೊ' ಎಂದು ಹೆಸರು. 'ಮಿಮೊ' ಎಂದರೆ ಪವಿತ್ರ ಎಂದೂ ಅರ್ಥ, ಶುಚಿ ಎಂದೂ ಅರ್ಥ. ತಿಳಿನೀರಿಗೂ ದೇವರಾತ್ಮನಿಗೂ ಒಂದೇ ವಿಶೇಷಣ. ನಮ್ಮ ಭಾಷೆಯಲ್ಲಿಯೂ 'ಪರಿಶುದ್ಧ' ಎಂಬ ಪದದೊಳಗೆ 'ಶುದ್ಧ'ವು ಅಡಗಿದೆಯಷ್ಟೆ.

1930ರಲ್ಲಿ ಇಲೆಶಾ ಪಟ್ಟಣದಲ್ಲಿ ಜೋಸೆಫ್ ಅಯೊ ಬಾಬಲೊಲ ಎಂಬ ಸುವಾರ್ತಿಕನ ಮೂಲಕ ದೊಡ್ಡ ಉಜ್ಜೀವನವೊಂದು ನಡೆಯಿತು. ರಸ್ತೆಯ ರೋಲರ್ ನಡೆಸುವ ಕೆಲಸವನ್ನು ಬಿಟ್ಟು ಬಂದವನಾತ. ಸಹಸ್ರಾರು ಜನರು ತಮ್ಮ ತಾಯಿತಗಳನ್ನೂ ವಿಗ್ರಹಗಳನ್ನೂ ತಂದು ಸುಟ್ಟುಹಾಕಿದರು. ಪ್ರಾರ್ಥಿಸಿ ಆಶೀರ್ವದಿಸಿದ ನೀರನ್ನು 'ಒಮಿ ಇಯೆ', ಅಂದರೆ ಜೀವಜಲ, ಎಂದು ಕರೆದು ಸ್ವಸ್ಥತೆಗಾಗಿ ಕುಡಿದರು. 'ಪ್ರಾರ್ಥಿಸುವವರು' ಎಂಬ ಅರ್ಥದ ಅಲಾದುರಾ ಸಭೆಗಳು ಇಂದಿಗೂ ಈ ಆಚರಣೆಯನ್ನು ಉಳಿಸಿಕೊಂಡಿವೆ. ಯೊರುಬಾ ಕ್ರೈಸ್ತರು ನೀರಿನ ಪಾವಿತ್ರ್ಯವನ್ನು ಮರೆತರೆಂದು ಯಾರೂ ಹೇಳಲಾಗದು. ಆದರೆ ಆ ಪಾವಿತ್ರ್ಯವು ನದಿಯಿಂದ ಹೊರಟು ಪಾತ್ರೆಯನ್ನು ಸೇರಿತು. ಆಶೀರ್ವದಿಸಿದ ನೀರು ಪವಿತ್ರ. ಅದನ್ನು ಮೊಗೆದ ಹೊಳೆಯು ಕೇವಲ ಹೊಳೆ. ಜೀವಜಲಕ್ಕಾಗಿ ಜನರು ಮುಗಿಬಿದ್ದ ಅದೇ ಇಲೆಶಾದ ಸುತ್ತಿನ ನೆಲದಿಂದ ಇಂದು ಗಣಿಯ ಕೆಸರು ಒಶುನ್ ನದಿಗೆ ಇಳಿಯುತ್ತಿದೆ. ಒಂದು ಇನ್ನೊಂದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಬಡತನ, ಚಿನ್ನದ ಬೆಲೆ, ಕಾನೂನಿನ ಸಡಿಲಿಕೆ ಇವೇ ಕಾರಣಗಳು. ಆದರೆ ಕಾರಣವಾಗದಿದ್ದರೂ ತಡೆಯೂ ಆಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಇದನ್ನು ಹೇಳುವಾಗ ನಾವು ಹಳೆಯ ನಿಷೇಧವನ್ನು ವೈಭವೀಕರಿಸಲೂ ಬಾರದು. ನಿಷೇಧಕ್ಕೆ ಬೇಲಿಯಿದೆ. ವನದೊಳಗೆ ಮೀನು ಹಿಡಿಯಬಾರದೆಂಬ ನಿಯಮವು ವನದ ಹೊರಗೆ, ಅನೇಕ ಮೈಲಿಗಳ ಆಚೆ, ತೊರೆಯ ತಳವನ್ನು ಅಗೆಯುವವನ ಮೇಲೆ ಏನನ್ನೂ ಹೇಳುವುದಿಲ್ಲ. ಅವನು ಯಾವ 'ಏವೊ'ವನ್ನೂ ಮೀರಿಲ್ಲ. ಅಲ್ಲದೆ ನಿಷೇಧವನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಭೀತಿಯ ಪಾಲು ದೊಡ್ಡದು. ಅಪಮೃತ್ಯುವಿಗೀಡಾದವರ ಶವಗಳನ್ನು ಎಸೆಯುತ್ತಿದ್ದ 'ಕೆಟ್ಟ ಕಾಡು'ಗಳೂ ಮುಟ್ಟದ ಕಾಡುಗಳೇ ಆಗಿದ್ದವು. ಆ ಭೀತಿಯಿಂದ ಬಿಡುಗಡೆ ಹೊಂದಿದವರ ಹರ್ಷವು ನಿಜವಾದದ್ದು. ಅದನ್ನು ಪರಿಸರದ ಹೆಸರಿನಲ್ಲಿ ಹಿಂದಕ್ಕೆ ಕೇಳುವ ಹಕ್ಕು ನಮಗಿಲ್ಲ.

5. ಒಂದೇ ವಚನದ ಎರಡು ಮುಖ

ಹಾಗಾದರೆ ನಮ್ಮ ದೈವಶಾಸ್ತ್ರವು ಎಲ್ಲಿ ಎಡವಿತು? ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹತ್ತನೆಯ ಅಧ್ಯಾಯವು ಇದಕ್ಕೆ ಕೀಲಿಕೈಯೆಂದು ನಾವು ಭಾವಿಸುತ್ತೇವೆ.

ವಿಗ್ರಹಕ್ಕೆ ಅರ್ಪಿತವಾದ ಮಾಂಸದ ವಿಷಯದಲ್ಲಿ ಕೊರಿಂಥದ ವಿಶ್ವಾಸಿಗಳು ಗೊಂದಲಗೊಂಡಿದ್ದರು. ಅಂಗಡಿಯಲ್ಲಿ ಮಾರುವುದನ್ನು ಮನಸ್ಸಿನಲ್ಲಿ ಸಂಶಯಪಡದೆ ತಿನ್ನಬಹುದೆಂದು ಪೌಲನು ಬಿಡುಗಡೆ ಕೊಡುತ್ತಾನೆ. ಅದಕ್ಕೆ ಅವನು ಕೊಡುವ ಆಧಾರವು ಇಪ್ಪತ್ತನಾಲ್ಕನೆಯ ಕೀರ್ತನೆಯ ಆರಂಭದ ಮಾತು: ಭೂಮಿಯೂ ಅದರಲ್ಲಿರುವ ಸಮಸ್ತವೂ ಕರ್ತನದು ಎಂಬ ಸತ್ಯ (10:25–26). ಇಂದು ಪರಿಸರ ಭಾನುವಾರದಂದು ಸಭೆಗಳಲ್ಲಿ ಓದಲ್ಪಡುವ ಇದೇ ಮಾತು ಪೌಲನ ಕೈಯಲ್ಲಿ ಮೊದಲು ನಿಷೇಧವನ್ನು ಮುರಿಯುವ ಮಾತಾಗಿತ್ತು! ಎಲ್ಲವೂ ಕರ್ತನದಾದುದರಿಂದ ಯಾವುದೂ ಬೇರೊಂದು ದೇವತೆಯ ಸ್ವತ್ತಲ್ಲ, ಆದುದರಿಂದ ಅಂಜಬೇಕಾಗಿಲ್ಲ. ಯೊರುಬಾ ನಾಡಿನಲ್ಲಿ ವನದ ಬೇಲಿಯನ್ನು ತೆಗೆದ ಬೋಧನೆಯ ಒಳತಿರುಳು ಇದೇ. ಅದು ತಪ್ಪು ಬೋಧನೆಯಲ್ಲ.

ಆದರೆ ಅಪೊಸ್ತಲನು ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ಬಿಡುಗಡೆಯ ಮಾತಿನ ಹಿಂದಿನ ವಚನದಲ್ಲಿಯೇ (10:24) ಪ್ರತಿಯೊಬ್ಬನೂ ತನ್ನ ಹಿತವನ್ನಲ್ಲ, ಮತ್ತೊಬ್ಬನ ಹಿತವನ್ನು ನೋಡಬೇಕೆಂದು ಅವನು ವಿಧಿಸುತ್ತಾನೆ. ಮುಂದಿನ ವಚನಗಳಲ್ಲಿ ಇನ್ನೊಬ್ಬನ ಮನಸ್ಸಾಕ್ಷಿಯ ನಿಮಿತ್ತ ತಿನ್ನದೆಯೂ ಇರಬೇಕೆನ್ನುತ್ತಾನೆ. ಅಂದರೆ ಭಯದ ಬೇಲಿಯನ್ನು ತೆಗೆದ ಕೈಯೇ ನೆರೆಯವನ ಹಿತದ ಬೇಲಿಯನ್ನು ಅಲ್ಲಿ ನಿಲ್ಲಿಸುತ್ತದೆ. ಈ ಎರಡನೆಯ ಬೇಲಿ ಮೊದಲನೆಯದಕ್ಕಿಂತ ಬಹುದೂರ ಹಬ್ಬುತ್ತದೆ. ವನದ ಗಡಿ 75 ಹೆಕ್ಟೇರಿಗೆ ಮುಗಿಯುತ್ತದೆ. ಹರಿಯುವ ನದಿಯಲ್ಲಿ ನೆರೆಯವನು ಕೆಳದಂಡೆಯ ಕೊನೆಯ ಮನೆಯವರೆಗೂ ಇದ್ದಾನೆ. ಸಣ್ಣ ಗಣಿಗಳಲ್ಲಿ ಚಿನ್ನವನ್ನು ಬೇರ್ಪಡಿಸಲು ಬಳಸುವ ಪಾದರಸವು ಮೀನಿನ ಮೂಲಕ ತಾಯಿಗೂ ತಾಯಿಯ ಮೂಲಕ ಗರ್ಭದ ಶಿಶುವಿಗೂ ಮುಟ್ಟುವಂಥದ್ದು. ಹಾಗಾದರೆ ಇನ್ನೂ ಹುಟ್ಟದವನೂ ನೆರೆಯವನೇ.

ನಾವು ಬಿಡುಗಡೆಯ ವಚನವನ್ನು ಸಾರಿದೆವು, ಅದರ ಹಿಂದಿನ ವಚನವನ್ನು ಕೈಬಿಟ್ಟೆವು. ಒಂದು ಬೇಲಿಯನ್ನು ಕಿತ್ತು ಇನ್ನೊಂದನ್ನು ನೆಡದೆ ಹೊರಟುಹೋದೆವು. ನಮ್ಮ ಸೃಷ್ಟಿಸಿದ್ಧಾಂತವು ತಪ್ಪಾಗಿರಲಿಲ್ಲ. ಅದಕ್ಕೆ ಶಿಸ್ತು ಇರಲಿಲ್ಲ. ಯೊರುಬಾ ಮುದುಕನೊಬ್ಬನಿಗೆ ಯಾವ ಮೀನನ್ನು ಹಿಡಿಯಬಾರದು, ಯಾವ ಮರವನ್ನು ಕಡಿಯಬಾರದು, ಮೀರಿದರೆ ಏನು ಪ್ರಾಯಶ್ಚಿತ್ತ ಎಂಬುದು ತಿಳಿದಿತ್ತು. ಇಡೀ ಭೂಮಿಯೇ ಕರ್ತನದೆಂದು ಹಾಡುವ ನಮ್ಮ ಸಭಿಕನಿಗೆ, ಅದರಿಂದ ತಾನು ಸೋಮವಾರದಂದು ಏನನ್ನು ಮಾಡಬಾರದು ಎಂಬುದು ತಿಳಿದಿಲ್ಲ. ಎಲ್ಲವೂ ಪವಿತ್ರವೆಂಬ ಮಾತು ಯಾವುದೂ ಪವಿತ್ರವಲ್ಲವೆಂಬ ಬಾಳಿಗೆ ಮುಸುಕಾಗಬಾರದು. ಏದೆನ್ ತೋಟದಲ್ಲಿ ಮನುಷ್ಯನಿಗೆ ಕೊಟ್ಟ ಕೆಲಸವನ್ನು ಹೇಳುವಾಗ ಹೀಬ್ರು ಮೂಲವು ಬಳಸುವ ಎರಡು ಕ್ರಿಯಾಪದಗಳಿಗೆ 'ಸೇವೆಮಾಡು' ಮತ್ತು 'ಕಾಯು' ಎಂಬ ಅರ್ಥಗಳಿವೆ (ಆದಿ. 2:15). ಇವೇ ಪದಗಳು ಲೇವಿಯರ ಗುಡಾರಸೇವೆಗೂ ಬಳಕೆಯಾಗಿವೆ. ತೋಟಗಾರಿಕೆಯೂ ಯಾಜಕಸೇವೆಯೂ ಒಂದೇ ಮಾತಿನಲ್ಲಿ ಕೂಡಿರುವಾಗ, ಯಾಜಕಸೇವೆಗಿರುವ ಕಟ್ಟಳೆ ತೋಟಕ್ಕೆ ಏಕಿಲ್ಲ?

6. ಶಿಸ್ತಿನ ಒಂದು ನಿದರ್ಶನ, ನಮ್ಮ ಹೊಣೆ

ಇಂಥ ಶಿಸ್ತು ಸಾಧ್ಯವೇ ಎಂಬ ಪ್ರಶ್ನೆಗೆ ಆಫ್ರಿಕದ ಇನ್ನೊಂದು ಭಾಗದಲ್ಲಿ ಉತ್ತರವಿದೆ. ಜಿಂಬಾಬ್ವೆಯ ಸ್ವತಂತ್ರ ಸಭೆಗಳು 1991ರಲ್ಲಿ, ಮಾರ್ಟಿನಸ್ ಡನೀಲ್ ಎಂಬ ಮಿಷನ್ ಶಾಸ್ತ್ರಜ್ಞರ ಸಹಾಯದಿಂದ, ಭೂಮಿಯನ್ನು ಕಾಯುವ ಸಭೆಗಳ ಒಕ್ಕೂಟವೊಂದನ್ನು ಕಟ್ಟಿದವು. ಅವರು ಕರ್ತನ ಭೋಜನವನ್ನು ಗಿಡ ನೆಡುವ ಸೇವೆಯೊಡನೆ ಕೂಡಿಸಿದರು. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತೆಗೆದುಕೊಳ್ಳುವ ಮೊದಲು ವಿಶ್ವಾಸಿಗಳು ತಾವು ಮರ ಕಡಿದದ್ದನ್ನೂ ನದಿಯ ದಡವನ್ನು ಉತ್ತದ್ದನ್ನೂ ಪಾಪವೆಂದು ಅರಿಕೆಮಾಡುತ್ತಿದ್ದರು. ಪೂರ್ವಿಕರ ಧರ್ಮವನ್ನು ಅನುಸರಿಸುವವರದು ಪ್ರತ್ಯೇಕ ಸಂಘ. ಗಿಡ ನೆಡುವ ಗುರಿಯು ಒಂದೇ, ಆರಾಧನೆ ಮಾತ್ರ ಬೇರೆಬೇರೆ. ಇಲ್ಲಿ ಬೆರಕೆಯೂ ಇಲ್ಲ, ತಿರಸ್ಕಾರವೂ ಇಲ್ಲ. ನಿಷೇಧವು ಅರಿಕೆಯಾಗಿ ಮಾರ್ಪಟ್ಟು, ಭಯದ ಸ್ಥಾನಕ್ಕೆ ಪಶ್ಚಾತ್ತಾಪವು ಬಂದಿತು. ಇಡೋವು ತಮ್ಮ ಗ್ರಂಥದ ಕೊನೆಯಲ್ಲಿ ಯೊರುಬಾ ಧರ್ಮದ ಮುಂದಿರುವುದು ಬದಲಾವಣೆಯೋ ಕ್ಷಯವೋ ಎಂದು ಕೇಳಿದ್ದರು. ಆ ಪ್ರಶ್ನೆ ಸೃಷ್ಟಿಯನ್ನು ಕುರಿತ ಕ್ರೈಸ್ತ ಬೋಧನೆಗೂ ಅನ್ವಯಿಸುತ್ತದೆ.

ನಮ್ಮ ನಾಡಿನ ಓದುಗರಿಗೆ ಇದು ದೂರದ ಮಾತಲ್ಲ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ; ಕರಾವಳಿಯಲ್ಲಿ ನಾಗಬನಗಳಿವೆ. ಇವುಗಳ ಪಕ್ಕದಲ್ಲಿ ನಮ್ಮ ಸಭೆಗಳಿವೆ, ನಮ್ಮ ಸಭಿಕರ ತೋಟಗಳಿವೆ. ದೀಕ್ಷಾಸ್ನಾನಕ್ಕೆ ಸಿದ್ಧನಾಗುವವನಿಗೆ ಬನದಲ್ಲಿ ಕೈಮುಗಿಯಬಾರದೆಂದು ನಾವು ತಪ್ಪದೆ ಕಲಿಸುತ್ತೇವೆ. ಇನ್ನು ಮುಂದೆ ಆ ಬನದ ಮರವನ್ನು ಅವನು ಕಡಿಯಬಹುದೇ, ಅದರ ಕೆರೆಗೆ ತೋಟದ ವಿಷವನ್ನು ಹರಿಸಬಹುದೇ ಎಂಬುದಕ್ಕೆ ನಮ್ಮ ಪ್ರಶ್ನೋತ್ತರಮಾಲೆಯಲ್ಲಿ ಒಂದು ಸಾಲನ್ನಾದರೂ ಸೇರಿಸಿದ್ದೇವೆಯೇ? ಸೇರಿಸದಿದ್ದರೆ, ಅವನಿಗೆ ನಾವು ಕೊಟ್ಟದ್ದು ಅರ್ಧ ಸುವಾರ್ತೆ.

ಯೆಹೆಜ್ಕೇಲನ ಪ್ರವಾದನಾಗ್ರಂಥದ ಮೂವತ್ತನಾಲ್ಕನೆಯ ಅಧ್ಯಾಯವನ್ನು ನಾವು ಸಭಾಪಾಲಕರ ಅಭಿಷೇಕದ ಆರಾಧನೆಗಳಲ್ಲಿ ಓದುತ್ತೇವೆ. ಹಿಂಡನ್ನು ಮೇಯಿಸದೆ ತಮ್ಮನ್ನೇ ಮೇಯಿಸಿಕೊಂಡ ಕುರುಬರ ಮೇಲೆ ಅಲ್ಲಿ ನ್ಯಾಯತೀರ್ಪಿದೆ. ಆದರೆ ಓದು ಸಾಮಾನ್ಯವಾಗಿ ಹದಿನಾರನೆಯ ವಚನಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ದೇವರು ಕೊಬ್ಬಿದ ಕುರಿಗಳ ಕಡೆಗೆ ತಿರುಗಿ, ತಿಳಿನೀರನ್ನು ತಾವು ಕುಡಿದು ಉಳಿದದ್ದನ್ನು ಕಾಲಿನಿಂದ ಕಲಕಿ ಬದಿ ಮಾಡಿದ್ದು ಸಾಲದೇ, ಆ ಕಲಕಿದ ನೀರನ್ನೇ ತನ್ನ ಬಡ ಕುರಿಗಳು ಕುಡಿಯಬೇಕೇ ಎಂದು ಕೇಳುತ್ತಾನೆ. ಒಶುನ್ ನದಿಯ ಕೆಳದಂಡೆಯಲ್ಲಿ ನಿಂತವರಿಗೆ ಆ ಪ್ರಶ್ನೆಯು ಯಾವ ವ್ಯಾಖ್ಯಾನವೂ ಇಲ್ಲದೆ ಅರ್ಥವಾಗುತ್ತದೆ. ಕುರುಬರಾದ ನಮ್ಮನ್ನೂ ಸೇರಿಸಿಯೇ ಆ ಅಧ್ಯಾಯವು ಆರಂಭವಾಗಿದೆ. ಅದನ್ನು ಕೊನೆಯವರೆಗೂ ಓದುವುದು ನಮ್ಮ ಸೇವೆಗೆ ಸೇರಿದ ಕೆಲಸ.